‘ಬತ್ತೆ’ ಎಂದು ಹೋದ ರೆಗ್ಯುಲೇಟರ್

ಗ್ರಾಹಕರ ಹಿತ ಕಾಯಲು ನಿಯಮ ರೂಪಿಸುವ ಮೇಲಧಿಕಾರಿಗಳಿಗೆ

ಮಾನ್ಯರೇ,

‘ಬರುವೆನೆಂದು ಹೋದವರು ಬಾರದಿರರು.’ ನಮ್ಮ ಕಾಲೇಜಿನ ಗೋಡೆಪತ್ರಿಕೆಯಲ್ಲಿ ಯಾರೋ ಬರೆದಿದ್ದ ಸಾಲು. ಕೊನೆಯ ಪದ ‘ಬಾರದಿರರು’ ಎಂದಿತ್ತೋ ‘ಬಾರದಿರಲಿ’ ಎಂದಿತ್ತೋ, ಈಗ ನೆನಪಾಗುತ್ತಿಲ್ಲ. ಏಜೆನ್ಸಿಯವನೆಂದು ಹೇಳಿಕೊಂಡು ಬಂದ ಠಕ್ಕನೊಬ್ಬ ಪಕ್ಕದ ಮನೆಯ ಕಾಮಾಕ್ಷಮ್ಮನವರ ಗ್ಯಾಸ್ ರೆಗ್ಯುಲೇಟರನ್ನು ಒಯ್ದ ದಿನದಿಂದ ಈ ಅನುಮಾನ ನನ್ನನ್ನು ಬಿಟ್ಟಿಲ್ಲ.

ಕಾಮಾಕ್ಷಮ್ಮ ಪೇಟೆಯ ಮೇಷ್ಟ್ರುಗಳಿಗೂ ಬ್ಯಾಂಕಿನವರಿಗೂ ಮಧ್ಯಾಹ್ನದ ಕ್ಯಾರಿಯರ್ ಊಟ ಕಳಿಸಿ ಬದುಕುವವರು. ಒಲೆ ಆರಿದರೆ ಅವರ ಸಂಪಾದನೆಯೂ ಆರಿತು. ಕಳೆದ ತಿಂಗಳು ಬಂದವನ ಅಂಗಿಯ ಜೇಬಿನ ಮೇಲೆ ಕಂಪನಿಯ ಮುದ್ರೆ, ಕೈಯಲ್ಲಿ ಸ್ಪ್ಯಾನರ್. ಸರ್ಕಾರದ ಹೊಸ ಆದೇಶ, ಹಳೆಯ ರೆಗ್ಯುಲೇಟರ್ ಬದಲಿಸಿ ತರುತ್ತೇನೆ ಎಂದ. ಅವಲಕ್ಕಿ ತಿಂದ, ಕಾಫಿ ಕುಡಿದ, ತಟ್ಟೆಯನ್ನು ತಾನೇ ತೊಳೆದಿಟ್ಟ. ಹೊರಡುವಾಗ ಅವರ ಮನೆಮಾತಿನಲ್ಲೇ “ಬತ್ತೆ ಅಮ್ಮ” ಎಂದ. ಬರುತ್ತೇನೆ ಎಂದು.

“ತಟ್ಟೆ ತೊಳೆದಿಟ್ಟ ಮಾಣಿನ ಕಳ್ಳ ಅಂತ ಹೆಂಗೆ ಹೇಳೂದು ಮಾರಾಯ್ತಿ?” ಎಂಬುದು ಆ ಹುಡುಗನ ಬಗ್ಗೆ ಕಾಮಾಕ್ಷಮ್ಮನವರ ವಾದ. ನನ್ನ ವಾದ ಬೇರೆ. ಅಷ್ಟು ವಿನಯ ಕಂಡಾಗಲೇ ಅವನು ಯಾವ ಕಚೇರಿಯವನೂ ಅಲ್ಲವೆಂದು ತಿಳಿಯಬೇಕಿತ್ತು.

ಏಜೆನ್ಸಿಗೆ ಹೋದೆವು. ಅವನು ತಮ್ಮವನಲ್ಲ, ಆದ್ದರಿಂದ ತಮಗೆ ಸಂಬಂಧವಿಲ್ಲ, ಪೊಲೀಸರಿಂದ ಬರೆಸಿಕೊಂಡು ಬಂದರೆ ಹೊಸದು ಕೊಡುತ್ತೇವೆ ಎಂದರು. ಠಾಣೆಗೆ ಹೋದೆವು. ಕನ್ನಡ ಎಂ.ಎ. ಮಾಡಿದ ಹೆಮ್ಮೆಯಲ್ಲಿ ದೂರನ್ನು ನಾನೇ ಬರೆದು, ‘ಬರುತ್ತೇನೆಂದು ಹೇಳಿ ಹೋದನು’ ಎಂದು ಮುಗಿಸಿದ್ದೆ. ಅಲ್ಲಿದ್ದ ಪೊಲೀಸರೊಬ್ಬರು ಓದಿ ಪೆನ್ನು ಕೆಳಗಿಟ್ಟರು.

“ಬರ್ತೀನಿ ಅಂದಿದಾನಲ್ಲಮ್ಮ. ಮೋಸ ಎಲ್ಲಾಯ್ತು? ಬರ್ಲಿ, ಕಾಯಿರಿ.”

“ಹೊರಡೋವಾಗ ಹಾಗೇ ಅಲ್ವೇನ್ರೀ ಹೇಳೋದು? ನೀವು ಮನೆಯಲ್ಲಿ ‘ಹೋಗ್ತೀನಿ’ ಅಂತೀರಾ?”

“ಛೆ ಛೆ, ಅಪಶಕುನ!” ಎಂದು ಗಾಬರಿಯಾದರು. “ಆದ್ರೆ ನಾನು ವಾಪಸ್ ಬರ್ತೀನಲ್ಲ!”

ದೂರನ್ನು ಮಡಚಿಕೊಂಡು ಹೊರಬಂದೆವು. ಈ ತರ್ಕಕ್ಕೆ ನಿಮ್ಮಲ್ಲಿ ಉತ್ತರವಿದೆಯೆ? ಹೋಗುವುದನ್ನೂ ಬರುವುದೆಂದೇ ಹೇಳುವ ಜನ ನಾವು. ಆ ಮರ್ಯಾದೆಯನ್ನು ಠಕ್ಕನೊಬ್ಬ ಜೇಬಿಗಿಳಿಸಿದ. ಅದನ್ನೇ ಕಚೇರಿಯು ಮೋಸಹೋದವರ ವಿರುದ್ಧ ಸಾಕ್ಷಿಯಾಗಿ ಹಿಡಿದರೆ ಹೇಗೆ? ಹತ್ತಿರದ ಊರುಗಳಾದ ಭಂಡಿಗಡಿ, ಬೇಗಾರುಗಳಲ್ಲೂ ಅದೇ ಅಂಗಿಯವನು ಕಾಫಿ ಕುಡಿದು ಹೋಗಿದ್ದಾನಂತೆ. ಮುದ್ರೆಯ ಅಂಗಿಗೆ ಒಬ್ಬ ದರ್ಜಿ ಸಾಕು. ಅದು ಅಸಲಿಯೋ ನಕಲಿಯೋ ತಿಳಿಯಲು ನಮಗೇನಿದೆ? ‘ಅಪರಿಚಿತರನ್ನು ನಂಬಬೇಡಿ’ ಎನ್ನುತ್ತದೆ ನಿಮ್ಮ ಭಿತ್ತಿಪತ್ರ. ಸ್ವಾಮಿ, ಅಸಲಿ ನೌಕರನೂ ನಮಗೆ ಅಪರಿಚಿತನೇ. ಮೊನ್ನೆ ನಿಜವಾದ ಮೀಟರ್ ರೀಡರ್ ಬಂದರೆ ಕಾಮಾಕ್ಷಮ್ಮ ಅಂಗಳದಲ್ಲೇ ನಿಲ್ಲಿಸಿದರು, ಕಾಫಿ ಬೇಕೆ ಎಂದೂ ಕೇಳಲಿಲ್ಲ. ನಮ್ಮ ಕಡೆ ಇದು ಸಣ್ಣ ಶಿಕ್ಷೆಯಲ್ಲ.

ಸದ್ಯ ಅವರ ಕ್ಯಾರಿಯರ್ ಊಟ ನನ್ನ ಒಲೆಯ ಮೇಲೆ ಬೇಯುತ್ತಿದೆ. ಬೆಳಿಗ್ಗೆಯೇ ಹುಳಿಯ ಒಗ್ಗರಣೆಯ ಘಮ. ಕವಿತೆ ಓದಲು ಕೂತರೆ ಎರಡನೇ ಸಾಲಿಗೆ ಹಸಿವಾಗುತ್ತದೆ. ಈ ವಂಚನೆಯಿಂದ ಠಕ್ಕನನ್ನು ಬಿಟ್ಟರೆ ಲಾಭವಾಗಿರುವುದು ನನಗೇ. ಆದರೆ ಅವರ ಸಿಲಿಂಡರನ್ನು ಇಲ್ಲಿಗೇ ತಂದು ಉರಿಸಿ ಮುಗಿಸಿದ್ದಾಯಿತು, ಈಗ ನನ್ನದೂ ಮುಗಿಯುತ್ತ ಬಂದಿದೆ. ಆಮೇಲೆ ಊಟದವರು ಹೋಟೆಲು ಹುಡುಕಿಕೊಳ್ಳುತ್ತಾರೆ, ಕಾಮಾಕ್ಷಮ್ಮ ಏನು ಮಾಡಬೇಕು?

ಆದ್ದರಿಂದ ಮೊದಲು ಅವರಿಗೆ ರೆಗ್ಯುಲೇಟರ್ ಕೊಡಿಸಿ, ವಿಚಾರಣೆ ಆಮೇಲೆ ನಡೆಯಲಿ. ಯಾರ ಹೆಸರು ಹೇಳಿ ಮೋಸ ನಡೆಯಿತೋ ಅವರೇ ದೂರು ಕೊಡಬೇಕೆಂದು ನಿಯಮ ಮಾಡಿ. ‘ಇಂಥವನು ನಿಮ್ಮವನೇ?’ ಎಂದು ಫೋನಿನಲ್ಲಿ ಕೇಳಿದರೆ ಹೌದು, ಅಲ್ಲ ಎನ್ನಲು ಪ್ರತಿ ಕಚೇರಿಯಲ್ಲೂ ಒಬ್ಬರಿರಲಿ. ಸಿಲಿಂಡರಿನ ಬಾಯಿಗೆ ರೆಗ್ಯುಲೇಟರ್ ಬೇಕೆಂದು ತಿಳಿದ ಸರ್ಕಾರಕ್ಕೆ, ತನ್ನ ಹೆಸರು ಹೇಳಿ ಬರುವವರಿಗೂ ಒಂದು ಬೇಕೆಂದು ಹೊಳೆಯಬೇಡವೆ? ನಿಮ್ಮ ಮಟ್ಟಿಗಾದರೂ ಗೋಡೆಪತ್ರಿಕೆಯ ಆ ಸಾಲು ‘ಬಾರದಿರರು’ ಎಂದೇ ಇತ್ತೆಂದು ನಂಬಿದ್ದೇನೆ.

ಇಂತಿ,
ಯಾರು ಬಂದರೂ ಕಿಟಕಿಯಿಂದಲೇ ಮಾತಾಡಿಸಿ ಕಳಿಸುವ
ಕೊಪ್ಪದ ಕಡೆಯ ಗ್ರಾಹಕಿ

ತಾ.ಕ.: ಪತ್ರವನ್ನು ಕಾಮಾಕ್ಷಮ್ಮನವರಿಗೆ ಓದಿ ಹೇಳಿದೆ. ಕ್ಯಾರಿಯರುಗಳನ್ನು ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು: “ಚೆಂದ ಆಯ್ತು ಮಾರಾಯ್ತಿ. ಆದ್ರೆ ಅವ್ರೂ ‘ಬರ್ತೀವಿ’ ಅಂತ ಉತ್ತರ ಬರೆದ್ರೆ ಎಂತ ಮಾಡೂದು?”