ಒಂದು ಜೊತೆ ಗ್ಲೌಸಿನ ವಿಚಾರಣೆ

ಹಾರ್ಬೋರ್ನ್, ಬರ್ಮಿಂಗ್‌ಹ್ಯಾಮ್
ಮಂಗಳವಾರ, 4 ನವೆಂಬರ್ 2025

ಮಗಳೇ ಸಂಯುಕ್ತಾ,

ನಿನಗೆ ಅಪ್ಪನ ಆಶೀರ್ವಾದ. ಧಾರವಾಡದಲ್ಲಿ ನಿಮ್ಮ ಅತ್ತೆಯವರ ಸೊಂಟ ಹೇಗಿದೆ? ವಾಕರ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲ ತನಕ ಬಂದು, ನೀನು ಮಾಡಿದ ಸಾರಿಗೆ ಉಪ್ಪು ಸಾಲದು ಎಂದರಂತೆ. ಅಳಿಯಂದಿರು ಮಹೇಶ ಅವರು ಹೇಳಿ ನಕ್ಕರು. ಉಪ್ಪಿನ ಯೋಚನೆ ಬಂದಿದೆ ಎಂದರೆ ಗುಣವಾಗುತ್ತಿದ್ದಾರೆ ಎಂದೇ ಅರ್ಥ. ಅವರನ್ನು ಎತ್ತಿ ಕೂರಿಸುವಾಗ ನಿನ್ನ ಬೆನ್ನಿನ ಮೇಲೂ ಗಮನವಿರಲಿ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ನಿದ್ದೆ ಮಾತ್ರ ಮೊದಲಿನಂತಿಲ್ಲ. ನಿಮ್ಮವ್ವ ಹೋದ ಮೇಲೂ ನಾನು ಹಾಸಿಗೆಯ ಗೋಡೆ ಕಡೆಗೇ ಒತ್ತಿಕೊಂಡು ಮಲಗುತ್ತೇನೆ. ಬೆಳಿಗ್ಗೆ ಎದ್ದರೆ ಆ ಭುಜ ನೋಯುತ್ತದೆ. ಇದಕ್ಕೆ ಜಿ.ಪಿ. ಡಾಕ್ಟರಲ್ಲಿ ಔಷಧವಿಲ್ಲ, ಬಿಡು.

ಇದನ್ನು ದಿನಚರಿಯ ಪುಸ್ತಕದಲ್ಲೇ ಬರೆಯುತ್ತಿದ್ದೇನೆ. ಮುಗಿದ ಮೇಲೆ ಪುಟಗಳ ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಕಳಿಸುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಡಾಕ್ಟರು, ನಾನು ಬಾಯಿ ತೆರೆಯುವಷ್ಟರಲ್ಲಿ "ಅಪ್ಪಾಜಿ, ಮೇನ್ ಪ್ರಾಬ್ಲಂ ಏನು, ಅದನ್ನ ಮೊದ್ಲು ಹೇಳಿ" ಅನ್ನುತ್ತೀ. ಈ ಸಂಗತಿಯ ಮೇನ್ ಪ್ರಾಬ್ಲಂ ಹೇಳಬೇಕಾದರೆ ಶಂಕರಪೋಳಿಯಿಂದ ಶುರು ಮಾಡಬೇಕು. ಮಹೇಶ ಅವರು ನಿನಗೆ "ಮಾಳವಿಕಾದು ಏನೋ ಸಣ್ಣ ಪೇಪರ್‌ವರ್ಕ್ ತೊಂದರೆ" ಎಂದಷ್ಟೇ ಹೇಳಿದ್ದಾರೆಂದು ಗೊತ್ತಾಯಿತು. ಅದು ಸಣ್ಣದಲ್ಲ, ಪೇಪರ್‌ವರ್ಕೂ ಅಲ್ಲ.

ನೀನು ಹೊರಡುವ ಹೊತ್ತಿಗೆ ಅಮೆರಿಕದ ಆ ಕಾಲೇಜಿನ ಫುಟ್‌ಬಾಲ್ ಕೋಚ್ ಬರುವ ಮಾತು ನಡೆದಿತ್ತಲ್ಲ. ಗೋಲ್‌ಕೀಪರ್ ಬೇಕಾಗಿದ್ದಾಳೆ, ಆಡುವುದಕ್ಕೆ ಒಪ್ಪಿದರೆ ನಾಲ್ಕು ವರ್ಷದ ಫೀಸು, ಊಟ, ವಸತಿ ಎಲ್ಲ ಕಾಲೇಜಿನದೇ ಎಂದು. ದೀಪಾವಳಿಯ ವಾರದಲ್ಲಿ ಆಕೆ ಬಂದೇಬಿಟ್ಟರು. ಹೆಸರು ಟ್ರೇಸಿ. ಲೀಡ್ಸಿನಲ್ಲಿ ಒಬ್ಬ ಹುಡುಗಿಯನ್ನು, ಮ್ಯಾಂಚೆಸ್ಟರಿನಲ್ಲಿ ಇನ್ನೊಬ್ಬಳನ್ನು ನೋಡಿಕೊಂಡು, ನಮ್ಮ ಕೂಸಿನ ಆಟ ನೋಡಲು ಆ ಹಾಳು ಮಳೆಯಲ್ಲಿ ಮೈದಾನದ ಅಂಚಿನಲ್ಲಿ ನಿಂತರು. ನಾನು ಎಂದಿನಂತೆ ಗೋಲಿನ ಬಲೆಯ ಹಿಂದೆ ಛತ್ರಿ ಹಿಡಿದು ನಿಂತಿದ್ದೆ. ನಿಮ್ಮವ್ವ ಹೋದ ಮೇಲೆ ಅದೇ ನನ್ನ ಜಾಗವಾಗಿದೆ. ಚೆಂಡು ಆಚೆ ಬದಿಯಲ್ಲಿರುವಾಗ ಮಾಳವಿಕಾ ತಿರುಗದೆಯೇ ನನ್ನೊಂದಿಗೆ ಮಾತಾಡುತ್ತಾಳೆ. "ಅಜ್ಜ, ಚಳಿ ಆಗ್ತಿದ್ಯಾ? ಕಾರಲ್ಲಿ ಕೂತ್ಕೊ ಹೋಗು" ಎನ್ನುತ್ತಾಳೆ. ನಾನು "ನೀ ಚೆಂಡು ನೋಡವ್ವ" ಎನ್ನುತ್ತೇನೆ. ಅವತ್ತು ಅವಳು ಒಂದು ಪೆನಾಲ್ಟಿ ಹಿಡಿದಳು. ಟ್ರೇಸಿಯವರು ಕುಣಿದೇಬಿಟ್ಟರು. ಮರುದಿನ ಮನೆಗೆ ಬಂದರು. ಮನೆಗೆ ಬಂದು ಮಾತಾಡುವುದಕ್ಕೆ ನಿಯಮದ ಅಡ್ಡಿಯಿಲ್ಲವಂತೆ. ನಾವು ಕೊಟ್ಟ ಟೀ ಕುಡಿಯುವುದಕ್ಕೂ ಅಡ್ಡಿಯಿಲ್ಲವಂತೆ.

ಈಗ ಶಂಕರಪೋಳಿಗೆ ಬರುತ್ತೇನೆ. ಈ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ, ಎಣ್ಣೆಯ ಬಾಣಲೆ ಇಡುವಂತಿಲ್ಲ. ಅದಕ್ಕೇ ನೀರಜಾ ತಮ್ಮ ಮನೆಯಲ್ಲಿ ಕರಿದದ್ದನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಎರಡು ಬೀದಿ ನಡೆದು ಬಂದು ಕೊಟ್ಟು ಹೋಗಿದ್ದಳು. ಸಾವಾದ ಮನೆಗೆ ಹಾಗೆ ತಂದುಕೊಡುವುದನ್ನು ಇಷ್ಟು ದೂರದ ಊರಿನಲ್ಲೂ ಆ ಹುಡುಗಿ ಮರೆತಿಲ್ಲ ನೋಡು. ಟ್ರೇಸಿಯವರು ಎರಡು ತಿಂದರು, ನಾಲ್ಕು ತಿಂದರು, ಆಮೇಲೆ ಎಣಿಸುವುದನ್ನು ಬಿಟ್ಟೆ. ಹೊರಡುವಾಗ ಬರಿಗೈಲಿ ಕಳಿಸುವುದು ಹೇಗೆ? ಉಳಿದದ್ದನ್ನೆಲ್ಲ ಡಬ್ಬಿಯ ಸಮೇತ ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು, ಡಬ್ಬಿ ನಮ್ಮದಲ್ಲ, ಮುಚ್ಚಳದ ಮೇಲೆ ನೀರಜಾಳ ಅತ್ತೆಯ ಹೆಸರು ಕೆತ್ತಿಸಿದೆ. ಮಾಳವಿಕಾ ನಗುತ್ತ ಟ್ರೇಸಿಯವರಿಗೆ, ಡಬ್ಬಿ ವಾಪಸ್ ಬೇಕಾಗುತ್ತದೆ ಎಂದಳು. ಆಕೆ ಖಂಡಿತ ತಂದುಕೊಡುತ್ತೇನೆ ಎಂದು, ತೊಳೆದು ಕೊಟ್ಟರೆ ಸಾಕೇ, ನಿಮ್ಮಲ್ಲಿ ಏನಾದರೂ ಪದ್ಧತಿ ಇದೆಯೇ ಎಂದು ಕೇಳಿದರು. ಕೂಸು ಇದ್ದದ್ದನ್ನು ಹೇಳಿತು. ನಮ್ಮಲ್ಲಿ ಯಾರೂ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ ಎಂದು. ನಾನು ಪಕ್ಕದಲ್ಲೇ ನಿಂತಿದ್ದೆ. ಮೊಮ್ಮಗಳು ಇಂಗ್ಲಿಷಿನಲ್ಲಾದರೂ ಅಜ್ಜಿಯ ಮಾತು ಆಡಿದಳಲ್ಲ ಎಂದು ಹಿಗ್ಗಿದೆ. ಆ ಹಿಗ್ಗಿಗೆ ಈಗ ಅನುಭವಿಸುತ್ತಿದ್ದೇವೆ.

ವಿಮಾನಕ್ಕೆ ಹೋಗುವ ದಾರಿಯಲ್ಲಿ ಟ್ರೇಸಿಯವರು ಡಬ್ಬಿ ಕೊಟ್ಟು ಹೋದರು. ಒಳಗೆ ಒಂದು ಜೊತೆ ಗೋಲ್‌ಕೀಪರ್ ಗ್ಲೌಸ್ ಇತ್ತು. ಮಣಿಕಟ್ಟಿನ ಹತ್ತಿರ ಕಾಲೇಜಿನ ಚಿಹ್ನೆ. ಡಬ್ಬಿಯಲ್ಲಿ ಹಿಡಿಸದೆ ಮುಚ್ಚಳ ಅರ್ಧ ತೆರೆದಿತ್ತು. ಪಾಪ, ಆಕೆಯ ಚೀಲದಲ್ಲಿ ಆ ಹೊತ್ತಿಗೆ ಇದ್ದದ್ದೇ ಅದು ಎಂದು ಕಾಣುತ್ತದೆ. ಆ ಭಾನುವಾರ ಮಾಳವಿಕಾ ಅದನ್ನೇ ಹಾಕಿಕೊಂಡು ಆಡಿದಳು. ಯಾರೋ ಫೋಟೋ ತೆಗೆದು ಅಮೆರಿಕಕ್ಕೆ ಕಳಿಸಿದರು. ಈ ಕೋಚ್ ಹುಡುಗಿಯರಿಗೆ ಉಡುಗೊರೆ ಕೊಟ್ಟು ಸೆಳೆಯುತ್ತಿದ್ದಾರೆ ಎಂದು ದೂರು. ಮಹೇಶ ಅವರಿಗೆ ಯಾರ ಮೇಲೋ ಅನುಮಾನವಿದೆ, ಎರಡು ಹೆಸರೂ ಹೇಳಿದರು. ನನಗೆ ಬೇಡ ಎಂದೆ. ಭಾನುವಾರ ಅದೇ ಜನರ ಪಕ್ಕದಲ್ಲಿ ನಿಲ್ಲಬೇಕಾದವನು ನಾನು.

ಆಮೇಲೆ ಶುರುವಾಯಿತು ನೋಡು ನಿಯಮಗಳ ಪುರಾಣ. ಮ್ಯಾಂಚೆಸ್ಟರಿನ ಅಭಯ್ ನಿನಗೆ ಗೊತ್ತಲ್ಲ, ಈ ಅಮೆರಿಕದ ಕಾಲೇಜುಗಳ ವ್ಯವಹಾರಕ್ಕೆಂದು ನಾವು ಗೊತ್ತುಮಾಡಿಕೊಂಡ ಸಲಹೆಗಾರ. ಅವನು ಒಂದು ಗಂಟೆ ವಿವರಿಸಿದ. ಕಾಲೇಜು ನಾಲ್ಕು ವರ್ಷದ ಓದು ಪುಕ್ಕಟೆ ಕೊಡಬಹುದಂತೆ, ಗ್ಲೌಸ್ ಕೊಡಬಾರದಂತೆ. ನಾವು ಕೋಚ್‌ಗೆ ತಿನ್ನಲು ಕೊಟ್ಟರೆ ಪರವಾಗಿಲ್ಲವಂತೆ, ಆಕೆ ನಮಗೆ ಬೀದಿಯ ಅಂಗಡಿಯಲ್ಲಿ ಒಂದು ಕಾಫಿ ಕೊಡಿಸಿದ್ದರೆ ಅದು ಆಮಿಷವಂತೆ. ಮಾಳವಿಕಾ ಕಾಲೇಜಿಗೆ ಸೇರಿದ ಮಾರನೆಯ ದಿನ ಅದೇ ಗ್ಲೌಸ್ ಹತ್ತು ಜೊತೆ ಕೊಟ್ಟರೂ ಯಾರೂ ಕೇಳುವುದಿಲ್ಲವಂತೆ. ನಾನು ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ದುಡಿದವನು, ನಿಯಮ ಎಂದರೆ ತಿರಸ್ಕಾರವಿಲ್ಲ. ನಾಲ್ಕು ದುಡ್ಡಿರುವ ಕಾಲೇಜುಗಳು ಮಕ್ಕಳನ್ನು ಕೊಂಡುಕೊಳ್ಳಬಾರದು ಎಂಬುದು ನನಗೂ ಅರ್ಥವಾಗುತ್ತದೆ. ಆದರೆ ಕೊಂಡುಕೊಳ್ಳುವವರು ಸ್ಟೀಲ್ ಡಬ್ಬಿಯಲ್ಲಿ ತುರುಕಿ ತರುತ್ತಾರೆಯೇ ಎಂದು ಕೇಳಿದೆ. ಅಭಯ್ "ಅಂಕಲ್, ಡಬ್ಬಿ ವಿಷಯ ಎತ್ತಲೇಬೇಡಿ, ಕೇಸ್ ಇನ್ನೂ ಕಾಂಪ್ಲಿಕೇಟ್ ಆಗತ್ತೆ" ಎಂದ. ಡಬ್ಬಿಯ ವಿಷಯ ಎತ್ತದೆ ಈ ಕಥೆ ಹೇಳುವುದು ಹೇಗೆ, ನೀನೇ ಹೇಳು.

ಅವನ ಪ್ರಕಾರ ಎಲ್ಲವೂ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಕೋಚ್ ತಾನಾಗಿ ಕೊಟ್ಟರೆ ತಪ್ಪು ಕೋಚ್‌ದು. ಆಟಗಾರ್ತಿಯೇ ಕೇಳಿದ್ದರೆ ಅವಳ ಸೀಟಿಗೂ ಕುತ್ತು. ಖಾಲಿ ಕೊಡಬಾರದು ಎಂದು ಮಾಳವಿಕಾ ಹೇಳಿದ್ದನ್ನು ಆ ಕಾಲೇಜಿನವರು ಉಡುಗೊರೆ ಕೇಳಿದಳು ಎಂದೇ ಬರೆದುಕೊಳ್ಳುತ್ತಾರೆ ಎಂದ. ಅದಕ್ಕೆ ಉಪಾಯ ಹೇಳಿಕೊಟ್ಟ. "ಅಂಕಲ್, ಆ ಮಾತು ನೀವು ಹೇಳಿದ್ದು ಅಂತ ಹೇಳಿಬಿಡಿ. ವಯಸ್ಸಾದವರು, ಏನೋ ಸಂಪ್ರದಾಯ ಹೇಳಿದ್ರು ಅಂತ ನಗ್ತಾ ಬಿಟ್ಟುಬಿಡ್ತಾರೆ." ನಾನು ಒಪ್ಪಿದೆ. ಕೂಸಿಗಾಗಿ ಒಂದು ಸುಳ್ಳು ಹೇಳುವುದು ನನಗೆ ಭಾರವೆನಿಸಲಿಲ್ಲ. ನಿಮ್ಮವ್ವನಿದ್ದಿದ್ದರೆ ಅವಳು ಇಬ್ಬರ ಪಾಲನ್ನೂ ಸೇರಿಸಿ ಹೇಳುತ್ತಿದ್ದಳು.

ಶುಕ್ರವಾರ ಸಂಜೆ ವೀಡಿಯೊ ವಿಚಾರಣೆ ನಡೆಯಿತು. ಡೈನಿಂಗ್ ಟೇಬಲ್ಲಿನ ಈ ಕಡೆ ಮಾಳವಿಕಾ, ನಾನು, ಮಹೇಶ ಅವರು. ಪರದೆಯ ಒಂದು ಚೌಕದಲ್ಲಿ ಅಭಯ್, ಇನ್ನೊಂದರಲ್ಲಿ ಆ ಕಾಲೇಜಿನ ನಿಯಮ ನೋಡಿಕೊಳ್ಳುವ ಹೆಂಗಸು. ಟ್ರೇಸಿಯವರಿಗೆ ನಮ್ಮೊಡನೆ ಮಾತಾಡಲೇಬಾರದೆಂದು ಹೇಳಿದ್ದರಂತೆ. ಆ ಹೆಂಗಸು ತುಂಬ ಮರ್ಯಾದೆಯವಳು, ಪ್ರತಿ ಪ್ರಶ್ನೆಗೂ ಮೊದಲು ಥ್ಯಾಂಕ್ ಯೂ ಎನ್ನುತ್ತಿದ್ದಳು. ಡಬ್ಬಿಯ ಉದ್ದ ಅಗಲ ಕೇಳಿದಳು. ಡಬ್ಬಿಯ ಬೆಲೆ ಕೇಳಿದಳು. ಶಂಕರಪೋಳಿ ಎಂದರೇನು, ಅದರಲ್ಲಿ ಮದ್ಯವೇನಾದರೂ ಇದೆಯೇ ಎಂದು ಕೇಳಿದಳು. ನಾನು ನೆಟ್ಟಗೆ ಕೂತು ಮೈದಾ, ಸಕ್ಕರೆ, ತುಪ್ಪ ಎಂದೆ. ಕೊನೆಗೆ ಆ ಪ್ರಶ್ನೆ ಬಂತು. ಡಬ್ಬಿಯಲ್ಲಿ ಏನಾದರೂ ಹಾಕಿಕೊಡಬೇಕೆಂದು ಕೋಚ್‌ಗೆ ಹೇಳಿದವರು ಯಾರು? ನಾನು ಗಂಟಲು ಸರಿಮಾಡಿಕೊಂಡು ನಾನೇ ಮೇಡಂ ಎಂದೆ. ನನ್ನ ಮಾತು ಮುಗಿಯುವ ಮೊದಲೇ ಮಾಳವಿಕಾ ಬಾಯಿ ಹಾಕಿದಳು. "ನೋ. ಅಜ್ಜ ಹೇಳ್ಲಿಲ್ಲ. ಹೇಳಿದ್ದು ನಾನು." ಪರದೆಯ ಮೇಲೆ ಅಭಯ್ ತಲೆ ಹಿಡಿದುಕೊಂಡ. ಮಹೇಶ ಅವರು ಟೇಬಲ್ಲಿನ ಕೆಳಗೆ ಅವಳ ಕಾಲು ತುಳಿದರೆಂದು ಕಾಣುತ್ತದೆ, ಅವಳು ಎಲ್ಲರೆದುರಿಗೇ "ಡ್ಯಾಡ್, ಕಾಲು ತುಳೀಬೇಡಿ" ಎಂದಳು. ಹಾಗೆ ಹೇಳುವಾಗ ಉಡುಗೊರೆ ಬರುತ್ತದೆಂದು ನಿನಗೆ ಗೊತ್ತಿತ್ತೇ ಎಂದು ಆ ಹೆಂಗಸು ಕೇಳಿದಳು. ಒಂದು ಬಾಳೆಹಣ್ಣು ಹಾಕುತ್ತಾರೆಂದುಕೊಂಡೆ ಎಂದಳು ನಿನ್ನ ಮಗಳು. ಆ ಹೆಂಗಸು ಅದನ್ನೂ ಬರೆದುಕೊಂಡಳು.

ಮಾತು ಮುಗಿದ ಮೇಲೆ ಅಡುಗೆಮನೆಯಲ್ಲಿ ಅವಳನ್ನು ಕೇಳಿದೆ, ಯಾಕವ್ವ ಹೀಗೆ ಮಾಡಿದೆ, ನಿನ್ನ ಸೀಟೇ ಹೋದರೆ? ಅವಳು ಫ್ರಿಜ್ಜಿನಲ್ಲಿ ತಲೆಯಿಟ್ಟುಕೊಂಡು, "ಅಜ್ಜ, ಯು ಆರ್ ಎ ಟೆರಿಬಲ್ ಲಯರ್. ನಿಂಗೆ ಕಿವಿ ಕೆಂಪಗಾಯ್ತು. ಆಮೇಲೆ ತಪ್ಪೆಲ್ಲ ಟ್ರೇಸಿದೇ ಅಂತಾಗಿ ಅವ್ರ ಕೆಲಸ ಹೋಗತ್ತೆ, ನಾನು ಅಲ್ಲಿ ಹೋಗಿ ಯಾರ ಮುಖ ನೋಡ್ಲಿ?" ಎಂದಳು. ಹೇಳಿ ಮೊಸರಿನ ಡಬ್ಬಿ ತೆಗೆದುಕೊಂಡು ಮೇಲೆ ಹೋದಳು. ಅವಳ ಹಟ ನಿನ್ನದು. ನಿನ್ನ ಹಟ ಎಲ್ಲಿಯದೆಂದು ನಮ್ಮಿಬ್ಬರಿಗೂ ಗೊತ್ತು. ನಿಮ್ಮವ್ವ ಇವತ್ತು ಮನೆಯಲ್ಲಿ ಇದ್ದಿದ್ದರೆ ಎಂದು ನಾನು ದಿನಕ್ಕೆ ಎಷ್ಟು ಸಲ ಅಂದುಕೊಳ್ಳುತ್ತೇನೋ.

ಮಹೇಶ ಅವರು ಮಾತ್ರ ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುತ್ತದೆ, ಮತ್ತೆ ಹೋಗುತ್ತದೆ. ಅವರ ವಾರ್ಡಿನ ಒಬ್ಬ ಡಾಕ್ಟರ ಮೇಲೆ ಹುರುಳಿಲ್ಲದ ದೂರು ಬಂದು, ಎರಡು ವರ್ಷ ವಿಚಾರಣೆ ನಡೆದು, ಕೊನೆಗೆ ತಪ್ಪಿಲ್ಲ ಎಂದಾಗುವಷ್ಟರಲ್ಲಿ ಆ ಮನುಷ್ಯ ಕೆಲಸವನ್ನೇ ಬಿಟ್ಟಿದ್ದನಂತೆ. "ವಿಚಾರಣೆ ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ ಮಾವ. ಒಂದ್ಸಲ ಹೆಸರು ಫೈಲಿಗೆ ಹೋದ್ರೆ ಹೋಯ್ತು" ಎನ್ನುತ್ತಾರೆ. ಇಲ್ಲೇ ಓದಲಿ, ಲೀಡ್ಸಿನಲ್ಲೋ ಶೆಫೀಲ್ಡಿನಲ್ಲೋ ಸೇರಲಿ, ಬೇಕಾದರೆ ಭಾನುವಾರ ಚೆಂಡು ಹಿಡಿಯಲಿ ಎನ್ನುತ್ತಾರೆ. ತಂದೆಯಾದವರು ಹಾಗೆ ಹೆದರುವುದು ಸಹಜ. ಆದರೆ ಹುಡುಗಿ ಈ ನಾಲ್ಕು ದಿನ ಫೋನ್ ಕೈಯಿಂದ ಬಿಟ್ಟಿಲ್ಲ. ಬಸ್ ಸ್ಟಾಪಿನಲ್ಲಿ, ಸ್ನಾನದ ಕೋಣೆಯ ಬಾಗಿಲಲ್ಲಿ, ಊಟದ ತಟ್ಟೆಯ ಪಕ್ಕದಲ್ಲಿ ಆ ಕಾಲೇಜಿನ ಉತ್ತರ ಬಂತೇ ಎಂದು ನೋಡುತ್ತಾಳೆ. ಕೇಳಿದರೆ "ಇನ್ನೂ ಇಲ್ಲ ಅಜ್ಜ" ಎಂದು ನಗುತ್ತಾಳೆ. ಆ ನಗು ನೋಡಲಾಗುವುದಿಲ್ಲ.

ಹೊರಗೆ ಪಟಾಕಿ ಶುರುವಾಗಿದೆ. ಇಲ್ಲಿಯವರ ಪಟಾಕಿ ಹಬ್ಬ ನಾಳೆ, ಹುಡುಗರಿಗೆ ತಡೆಯಲಾಗುತ್ತಿಲ್ಲ. ನಿಮ್ಮ ಅತ್ತೆಯವರಿಗೆ ನನ್ನ ಶರಣು ಹೇಳು. ಸಾರಿಗೆ ಉಪ್ಪು ಹಾಕು. ನಿನಗೂ ಆ ಮನೆಯ ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ತಂದೆ,
ಕರಬಸಪ್ಪ

ತಾ.ಕ.: ಸಹಿ ಹಾಕಿದ ಮೇಲೆ ಮಹೇಶ ಅವರು ಬಂದು ಬಾಗಿಲು ಹಾಕಿ ಹೇಳಿದರು. ಉತ್ತರ ನಿನ್ನೆಯೇ ಅವರ ಇಮೇಲಿಗೆ ಬಂದಿದೆಯಂತೆ. ಗ್ಲೌಸ್ ವಾಪಸ್ ಕಳಿಸಬೇಕು, ಮೊದಲ ಮೂರು ಪಂದ್ಯ ಅವಳು ಆಡುವಂತಿಲ್ಲ, ಅಷ್ಟೇ. ಟ್ರೇಸಿಯವರಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಸೀಟು ಇದೆ. ಗುರುವಾರದೊಳಗೆ ಒಪ್ಪಿಗೆ ಹೇಳಬೇಕು. ಮಹೇಶ ಅವರು ಬೇಡ ಎಂದು ಬರೆಯುತ್ತಾರಂತೆ, ಕೂಸಿಗೆ ಕಾಲೇಜಿನವರೇ ಬೇಡ ಅಂದರು ಎಂದು ಹೇಳುತ್ತಾರಂತೆ. "ನೀವೂ ಹಾಗೇ ಹೇಳ್ಬೇಕು ಮಾವ" ಎಂದರು. ನಾನು ಹೂಂ ಎನ್ನಲಿಲ್ಲ. ಅವಳು ಹೋಗುವುದು ನನಗೂ ಬೇಡ ಸಂಯುಕ್ತಾ, ಅವಳಿಲ್ಲದ ಈ ಮನೆಯಲ್ಲಿ ನಾನು ಹೇಗಿರುತ್ತೇನೋ ತಿಳಿಯದು, ಆದರೆ ಅದನ್ನು ಇದರಲ್ಲಿ ಸೇರಿಸಬೇಡ. ನಾಳೆ ಸಂಜೆ ಇಲ್ಲಿನ ಕಾಲೇಜು ಮುಗಿಸಿ ಅವಳು ಬಸ್ಸಿನಲ್ಲಿರುತ್ತಾಳೆ, ನಿಮಗೆ ಆಗ ರಾತ್ರಿ ಊಟದ ಹೊತ್ತು. ಅವಳಿಗೇ ಫೋನ್ ಮಾಡಿ ಸೀಟು ಇದೆ ಎಂದು ಹೇಳು, ಅವರಿಗಲ್ಲ. ಅಳಿಯಂದಿರ ಮನೆಯಲ್ಲಿ ಕೂತು ಅವರ ಮಾತು ಮೀರುವುದು ನನಗೆ ಸರಿಯಲ್ಲ, ತಾಯಿ ಹೇಳಿದರೆ ಅದು ಬೇರೆ. ನಿನಗೆ ಆಗದಿದ್ದರೆ ನಾಳೆ ಊಟಕ್ಕೆ ಕೂತಾಗ ನಾನೇ ಹೇಳುತ್ತೇನೆ.