ನಿಮ್ಮ ಹೆಸರಿನ ತೋಪು ಬೇಡವೆಂದೆ

ನನ್ನ ಪ್ರೀತಿಯ ಮೇಡಂ,

ಮೇಡಂ ಎಂದಿದ್ದಕ್ಕೇ ಬೈಯುತ್ತೀರಿ, ಗೊತ್ತು. ‘ಪಾಠ ಮುಗಿದು ಎಷ್ಟು ವರ್ಷ ಆಯ್ತು, ಇನ್ನೂ ಎಂಥ ಮೇಡಮ್ಮೇ, ಪದ್ಮಕ್ಕ ಅನ್ನು’ ಎನ್ನುತ್ತಿದ್ದಿರಿ. ನನ್ನ ಬಾಯಿಗೆ ಅದು ಬರಲೇ ಇಲ್ಲ. ಈಗ ನೀವೂ ಇಲ್ಲ. ನೀವು ಹೋಗಿ ವರ್ಷವಾಗುತ್ತಾ ಬಂತು. ಈ ನಡುವೆ ನಿಮ್ಮ ಯಜಮಾನರ ಜೊತೆ ನಾನು ಜಗಳ ಮಾಡಿಕೊಂಡೆ. ಅದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನಿಮ್ಮ ಜೊತೆ ಮೊದಲ ಸಲ ಮಂಡಿ ಮೊಹಲ್ಲಾಕ್ಕೆ ಹೋಗಿದ್ದು ನೆನಪಿದೆಯಾ? ನಾನಾಗ ನಿಮ್ಮ ವಿದ್ಯಾರ್ಥಿನಿ, ಕುಂಬಾರಕೊಪ್ಪಲಿನಿಂದ ಸೈಕಲ್ ತುಳಿದು ಬರುತ್ತಿದ್ದವಳು. ತಗಡಿನ ಕೆಲಸದ ಚಾಚಾ ಮುಂದೆ ನಿಂತು ನೀವು ಇಲಿಬೋನಿಗೆ ಹಾಕಿದ ಷರತ್ತು ಒಂದೇ ಎರಡೇ! ಅಂಚು ಚೂಪಾಗಿರಬಾರದು, ಗಾಳಿಗೆ ತೂತು ಬೇಕು, ಚಳಿಯಾಗದ ಹಾಗೆ ಒಳಗೆ ಹತ್ತಿ ಇಡಲು ಜಾಗ ಬೇಕು. ‘ಸಾಯೋ ಇಲಿಗೆ ಇಷ್ಟೆಲ್ಲ ಯಾಕೆ ಮೇಡಂ?’ ಎಂದರು ಅವರು. ‘ಸಾಯ್ಸಲ್ಲ ಕಣ್ರೀ. ಹಿಡಿದು, ನೋಡಿ, ಬಿಟ್ಬಿಡ್ತೀವಿ.’ ಚಾಚಾ ಸುತ್ತಿಗೆ ಕೆಳಗಿಟ್ಟರು. ‘ನಮ್ಮನೇಲೂ ಬೇಕಾದಷ್ಟಿವೆ, ಬಂದು ನೋಡ್ಕೊಂಡು ಹೋಗಿ.’ ನೀವು ಅಂಗಡಿಯ ಮೆಟ್ಟಿಲ ಮೇಲೆ ಕೂತು ನಕ್ಕಿರಿ. ಅಂಥ ನಗು ಆಮೇಲೆ ನಾನು ಯಾರ ಬಾಯಲ್ಲೂ ಕೇಳಿಲ್ಲ.

ಆ ಬೋನುಗಳನ್ನು ಹೊತ್ತು ರಿಂಗ್ ರೋಡಿನಾಚೆಯ ಹುಲ್ಲುಬಯಲಿಗೆ ಹೋದ ಮೊದಲ ಬೆಳಿಗ್ಗೆ ನನಗೆ ಅಳು ಬಂದಿತ್ತು, ನಿಮಗೆ ಹೇಳಿರಲಿಲ್ಲ. ಕಾಡು, ಆನೆ ಎಂದೆಲ್ಲ ಕನಸು ಕಂಡು ಪ್ರಾಣಿಶಾಸ್ತ್ರ ಸೇರಿದವಳಿಗೆ ಯಾವುದೋ ವಿದ್ಯಾಸಂಸ್ಥೆ ಕಟ್ಟಡ ಕಟ್ಟದೆ ಬಿಟ್ಟಿದ್ದ ಬೀಳು ಜಾಗ! ಹಿಂದಿನ ಸಂಜೆ ಹುರಿದ ಕಡಲೆಕಾಯಿ ಬೀಜ ಇಟ್ಟಿದ್ದ ಬೋನಿನಲ್ಲಿ ಒಂದು ಬಯಲಿಲಿ ಕೂತಿತ್ತು. ದೊಡ್ಡ ಕಣ್ಣು, ಬಾಲದ ತುದಿಗೆ ಕಪ್ಪು ಕುಚ್ಚು. ಮುಂದೆ ಸಿಕ್ಕರೆ ಗುರುತಾಗಲೆಂದು ಅದರ ಬೆನ್ನಿನ ಚೂರು ಕೂದಲು ಕತ್ತರಿಸುತ್ತಾ ನೀವು ಹೇಳಿದಿರಿ: ‘ಇವಕ್ಕೆ ಗಿಡ್ಡ ಹುಲ್ಲು, ಬರೀ ನೆಲ ಬೇಕು, ಓಡೋಕೆ, ಬಿಲ ತೋಡೋಕೆ. ಸುಂಡಿಲಿಗೆ ಒತ್ತಾದ ಹುಲ್ಲಿನ ಬುಡ ಬೇಕು. ಮೊಲಕ್ಕೆ ಎರಡೂ ಬೇಕು. ನಾವು ಇದನ್ನ ಬೀಳು ಅಂತೀವಿ ನೋಡೇ, ನಮ್ಮ ಕಣ್ಣೇ ಬೀಳು.’

ಬೇಲಿ ಹಾಕಿಸಿದ ದಿನ ನಿಮ್ಮ ಮುಖದಲ್ಲಿ ಎಂಥ ಗೆಲುವಿತ್ತು! ದನ ಒಳಗೆ ಬಾರದಿದ್ದರೆ ನಮ್ಮ ಪ್ರಾಣಿಗಳು ಸುಖವಾಗಿರುತ್ತವೆಂದು ನೀವು ನಂಬಿದಿರಿ, ನಾನೂ ತಲೆಯಾಡಿಸಿದೆ. ಪಕ್ಕದ ಹಳ್ಳಿಯ ಕೆಂಪಮ್ಮ ಹಸು ಹಿಡಿದುಕೊಂಡು ಬಂದು ‘ನಾವೆಲ್ಲಿ ಮೇಯ್ಸುವಾ ಮೇಡಮ್ಮೋರೆ?’ ಎಂದಾಗ ಅವಳನ್ನು ವಾಪಸ್ ಕಳಿಸಿದೆವು. ಆಮೇಲೆ ಏನಾಯಿತು? ಹುಲ್ಲು ಎದೆಯೆತ್ತರ ಬೆಳೆದು ಅಲ್ಲೇ ಒಣಗಿ ಬಿತ್ತು. ಲಂಟಾನ ಹಬ್ಬಿತು. ಪಾರ್ಥೇನಿಯಂ ಬಂತು. ನೆಲ ಕಾಣದಾಯಿತು. ಬಯಲಿಲಿಗಳು ಒಂದೊಂದಾಗಿ… ಬೋನುಗಳು ಖಾಲಿ ಬರತೊಡಗಿದವು. ‘ಕಾಪಾಡ್ತೀನಿ ಅಂತ ಹೋಗಿ ಅವುಗಳ ಮನೆ ಕಿತ್ತೆ ಕಣೇ ಲತಾ’ ಎಂದು ಅಲ್ಲೇ ಕೂತುಬಿಟ್ಟಿರಿ. ಮರುವಾರ ನೀವೇ ಬೇಲಿ ಕೀಳಿಸಿ ಕೆಂಪಮ್ಮನ ಬಾಗಿಲಿಗೆ ಹೋದಿರಿ. ‘ಆಗ ಬ್ಯಾಡ ಅಂದ್ರಿ, ಈಗ ಬನ್ನಿ ಅಂತೀರಿ. ತಲೆಗಿಲೆ ಕೆಟ್ಟದಾ ನಿಮ್ಗೆ?’ ಎಂದಳು. ‘ಕೆಟ್ಟಿತ್ತು ಕಣಮ್ಮ, ಈಗ ಸರಿಹೋಯ್ತು’ ಎಂದಿರಿ. ಒಂದು ವರ್ಷ ಬಯಲಿನ ಈ ಅರ್ಧ ಮೇಯಲಿ, ಇನ್ನೊಂದು ವರ್ಷ ಆ ಅರ್ಧ ಎಂದು ಇಬ್ಬರೂ ಮಾತಾಡಿಕೊಂಡಿರಿ. ಲಂಟಾನವನ್ನು ನಾವಿಬ್ಬರೇ ಕಿತ್ತೆವು. ಇಲಿಗಳು ನಿಧಾನವಾಗಿ ಬಂದವು.

ಹೋದ ತಿಂಗಳು ನಜರ್‌ಬಾದಿನ ನಿಮ್ಮ ಮನೆಗೆ ಹೋದಾಗ ಸುಬ್ಬರಾವ್ ಸಾರ್ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಿಮ್ಮ ಯಜಮಾನರು ಎಂದೂ ಬಯಲಿಗೆ ಬಂದವರಲ್ಲ, ‘ಇಲಿ ಮೇಡಂ ಬಂದ್ರಾ’ ಎಂದು ರೇಗಿಸುವುದಷ್ಟೇ ಅವರ ಕೆಲಸವಾಗಿತ್ತು. ನೀವು ಹೋದಮೇಲೆ ಅವರು ಅಷ್ಟು ಉತ್ಸಾಹದಿಂದ ಮಾತಾಡಿದ್ದು ನಾನು ಕಂಡಿರಲಿಲ್ಲ. ‘ವರ್ಷದ ತಿಥಿ ಮುಗಿದ ಮಾರನೇ ದಿನ ಬಯಲು ತುಂಬಾ ಗಿಡ ನೆಡ್ತೀನಿ ಕಣಮ್ಮ. ಹೊಂಗೆ, ಬೇವು, ನೇರಳೆ. ಪದ್ಮನ ತೋಪು ಅಂತ ಹೆಸರು. ಜಾಗದೋರೂ ಒಪ್ಪಿದಾರೆ, ನರ್ಸರಿಗೂ ಹೇಳಿದೀನಿ.’ ನನ್ನ ಕೈಯಲ್ಲಿ ಕಾಫಿ ಲೋಟವಿತ್ತು. ನನ್ನ ಬಾಯಿ ನಿಮಗೆ ಗೊತ್ತಲ್ಲ! ‘ಬೇಡ ಸಾರ್’ ಎಂದುಬಿಟ್ಟೆ. ಮರದ ನೆರಳು ಬಿದ್ದರೆ ಹುಲ್ಲು ಸಾಯುತ್ತದೆ, ಹುಲ್ಲು ಸತ್ತರೆ ಮೇಡಂ ಇಡೀ ಜೀವನ ನೋಡಿಕೊಂಡ ಜೀವಗಳು ಇರುವುದಿಲ್ಲ ಎಂದೆ. ಬೇಲಿ ಹಾಕಿದ ಮೇಲೆ ಬೋನುಗಳು ಖಾಲಿ ಬಂದದ್ದನ್ನೂ ಹೇಳಿದೆ. ಸಾರ್ ಮೆಲ್ಲಗೆ, ‘ಹಾಗಾದ್ರೆ ಅವಳಿಗೋಸ್ಕರ ನಾನು ಏನೂ ಮಾಡೋ ಹಾಗಿಲ್ವೇನಮ್ಮ?’ ಎಂದರು.

ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಫೋನ್ ಮಾಡಿದರೆ ಅವರು ಎತ್ತಲಿಲ್ಲ. ನಾನೇನು ಮಾಡಬೇಕಿತ್ತು ಮೇಡಂ? ಹೆಂಡತಿ ಕಳೆದುಕೊಂಡವರ ಕೈಯಿಂದ ಗಿಡ ಕಿತ್ತುಕೊಂಡ ಹಾಗಾಯಿತು ನನಗೆ. ನೆಡಲು ಬಿಟ್ಟಿದ್ದರೆ ಬಯಲು ಹೋಗುತ್ತಿತ್ತು. ಬೇಡವೆಂದು ಅವರನ್ನು ಕಳೆದುಕೊಂಡೆನೋ ಏನೋ… ನೀವಿದ್ದಿದ್ದರೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದಿರಿ. ನೀವಿಲ್ಲವಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ನಿಮ್ಮ ಮೇಲೆ ಸಿಟ್ಟೂ ಬಂತು.

ನಿನ್ನೆ ಬೆಳಿಗ್ಗೆ ಬೋನು ನೋಡುತ್ತಿದ್ದಾಗ ರಸ್ತೆಯಲ್ಲಿ ಆಟೋ ನಿಂತಿತು. ಸಾರ್ ಇಳಿದರು, ಪಂಚೆಗೆಲ್ಲ ಹುಲ್ಲಿನ ಮುಳ್ಳು ಅಂಟಿಸಿಕೊಂಡು ನನ್ನ ಹತ್ತಿರ ಬಂದರು. ‘ನರ್ಸರಿಯೋರಿಗೆ ಬೇಡ ಅಂದ್ಬಿಟ್ಟೆ’ ಎಂದರು. ‘ಬೋನು ಖಾಲಿ ಬರ್ತಿದ್ದಾಗ ಅವಳು ಸರಿಯಾಗಿ ಊಟ ಮಾಡ್ತಿರ್ಲಿಲ್ಲ. ಆರೋಗ್ಯ ಸರಿಯಿಲ್ಲ ಅಂದ್ಕೊಂಡಿದ್ದೆ ನಾನು. ಯಾಕೆ ಅಂತ ಅವತ್ತು ನೀನು ಹೇಳಿದ್ಮೇಲೆ ಗೊತ್ತಾಯ್ತು.’ ಕೈಯಲ್ಲಿದ್ದ ಬೋನನ್ನು ಅವರಿಗೆ ಕೊಟ್ಟೆ. ಒಳಗೆ ಜೀವ ಮಿಸುಕಾಡಿದ್ದು ಅಂಗೈಗೆ ತಿಳಿದು ಅವರು ಬೆಚ್ಚಿದರು, ಆದರೆ ಕೆಳಗಿಡಲಿಲ್ಲ.

‘ಬಿಡುವಾಗ ಅವಳು ಏನಾದ್ರೂ ಹೇಳ್ತಿದ್ಲಾ?’

‘ಹೋಗ್ಬಾ ಅಂತಿದ್ರು ಸಾರ್. ಪ್ರತಿಯೊಂದಕ್ಕೂ.’

ಅವರು ಬೋನಿನ ತೂತಿನಿಂದ ಒಳಗೆ ನೋಡಿದರು. ‘ಆಸ್ಪತ್ರೇಲಿ ಕೊನೇ ಸಲ ನಾನು ಕೇಳಿದ್ದು ಮಾತ್ರೆ ತಗೊಂಡ್ಯಾ ಅಂತ. ಅಷ್ಟೇ ಕಣಮ್ಮ. ಬೇರೇನೂ ಹೇಳ್ಲಿಲ್ಲ.’ ಆಮೇಲೆ ಕಷ್ಟಪಟ್ಟು ಮಂಡಿಯೂರಿ ಕೂತು, ಬೋನನ್ನು ನೆಲಕ್ಕಿಟ್ಟು ಬಾಗಿಲೆತ್ತಿದರು. ಇಲಿ ಒಂದು ಕ್ಷಣ ನಿಂತು ಹುಲ್ಲಿನೊಳಗೆ ಹೊರಟುಹೋಯಿತು. ಸಾರ್ ಹುಲ್ಲಿನ ಕಡೆಗೇ ನೋಡುತ್ತಿದ್ದರು.

‘ಹೋಗ್ಬಾ ಪದ್ಮ’ ಎಂದರು.

ನಿಮ್ಮ,
ಲತಾ