ಮೂರನೇ ಸ್ಟೇಜಿನ ಕೆಂಪು ನೀರು

೧೨ ಮಾರ್ಚ್ ೨೦೦೭, ಸೋಮವಾರ

ಕಂಪ್ಯೂಟರ್ ಸೆಂಟರಿನಲ್ಲಿ ಬೆಳಗ್ಗಿನ ಬ್ಯಾಚಿಗೆ ಎಕ್ಸೆಲ್. ಅರ್ಧ ಜನ ನಾಪತ್ತೆ, ಪರೀಕ್ಷೆಯಂತೆ. ತರುಣ್ ಬಂದ, ಮೂಡುಬಿದಿರೆಯಿಂದ ಸಿಡಿ ತಂದಿದ್ದ. ಗಿಬ್ಬೋ ಆರು, ನನ್ನ ಹಳೇ ಕಪ್ಪೆ ಗೇಮಿನ ಆರನೇ ಭಾಗ! ಪಾಠ ಮುಗಿಯುವುದನ್ನೇ ಕಾದು ಹಾಕಿದೆ.

ಥೂ. ಕಪ್ಪೆ ಅದೇ, ಹೆಲ್ಮೆಟ್ ಅದೇ. ಆದರೆ ಸಾಯುವುದೇ ಇಲ್ಲ! ಬಿದ್ದಲ್ಲೇ ಮತ್ತೆ ಏಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು — ಎರಡನೇ ಕಂಟ್ರೋಲರಿಗೆ ಕೆಲಸವೇ ಇಲ್ಲ. ಕಪ್ಪೆಯ ಜೊತೆಗಾರ ಬಸವನಹುಳು ತಾನೇ ಹಿಂದೆ ಹಿಂದೆ ಬರುತ್ತದೆ, ಕಂಪ್ಯೂಟರ್ ನಡೆಸುತ್ತದೆ. ಇಬ್ಬರು ಆಡುವ ಆಟವನ್ನು ಒಬ್ಬರದ್ದು ಮಾಡಿಟ್ಟಿದ್ದಾರೆ.

ಸೆಂಟರ್ ನಡೆಸುವ ನಿತ್ಯಾನಂದ ಸರ್ ಹಿಂದೆ ನಿಂತು ನೋಡುತ್ತಿದ್ದರು. "ಟೀಚರೇ ಕಪ್ಪೆ ಹಾರಿಸಿದರೆ ಮಕ್ಕಳು ಎಂತ ಹಾರಿಸ್ತಾರೆ ಮಾರಾಯ್ತಿ?" ಅಂದರು. ನಗು ಬರಲಿಲ್ಲ.

೧೫ ಮಾರ್ಚ್

ಇಂಟರ್ನೆಟ್ಟಿನ ಗಿಬ್ಬೋ ಫೋರಂನಲ್ಲಿ ಯುದ್ಧ. ಎಲ್ಲ ದೇಶದ ಹಳೆ ಅಭಿಮಾನಿಗಳು ಒಂದು ಕಡೆ. ನಾನೂ ಅಲ್ಲೇ. ನನ್ನ ಹೆಸರು ಓಲ್ಡ್ ಫ್ರಾಗ್, ಗಂಡಸು ಎಂದೇ ಎಲ್ಲರ ಲೆಕ್ಕ. ಇರಲಿ, ಗಂಡಸು ಅಂದರೆ ಮಾತಿಗೆ ಬೆಲೆ.

ಸ್ನೇಲ್ ಗರ್ಲ್ ಎಂಬ ಹೊಸಬಳೊಬ್ಬಳು ಬಂದಿದ್ದಾಳೆ. ಆರನೆಯದೇ ಎಲ್ಲಕ್ಕಿಂತ ಒಳ್ಳೆಯದಂತೆ. ಬಸವನಹುಳು ಕಾದು ನಿಲ್ಲುತ್ತದಂತೆ, ನಾವು ನಿಂತರೆ ಅದೂ ನಿಲ್ಲುತ್ತದಂತೆ. ಇಂಗ್ಲಿಷು ಅಷ್ಟಕ್ಕಷ್ಟೆ. ಬರೆದೆ: "ಇದು ಜೊತೆಗೆ ಆಡಲು ಯಾರೂ ಇಲ್ಲದವರಿಗಾಗಿ ಮಾಡಿದ ಆಟ. ನಿನಗೆ ಸರಿಯಾಗಿಯೇ ಇದೆ."

ಒಂದು ಗಂಟೆಯೊಳಗೆ ಎಷ್ಟು ಜನ ಶಹಬ್ಬಾಸ್ ಅಂದರು! ಮನೆಗೆ ಬರುವ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

೧೬ ಮಾರ್ಚ್

ಆ ಹೆಣ್ಣು ಬಿಡುವುದಿಲ್ಲ. ಮೊದಲ ಭಾಗದಿಂದಲೂ ಆಡಿದ್ದೇನೆ, ಎಂದು ಬರೆದಿದ್ದಾಳೆ. ಸುಳ್ಳಿ. ಕೇಳಿದೆ: "ಹಾಗಾದರೆ ಮೂರನೇ ಸ್ಟೇಜಿನ ಹೊಂಡದ ನೀರು ಯಾವ ಬಣ್ಣ? ಕೆಂಪು. ಅದೂ ಗೊತ್ತಿಲ್ಲದವಳು ಇಲ್ಲಿ ಬಾಯಿ ಬಿಡಬೇಡ."

ಕೆಲವರು ನೀಲಿ ಎಂದು ನನ್ನನ್ನೇ ತಿದ್ದಲು ಬಂದರು. ಹೋಗಿ ಹೋಗಿ ನನ್ನನ್ನು! ಆ ಹೊಂಡದಲ್ಲಿ ದೊಡ್ಡಪ್ಪನ ಮಗಳು ಜಸ್ನಾ ಮತ್ತು ನಾನು ಬಿದ್ದಷ್ಟು ಯಾರು ಬಿದ್ದಿದ್ದಾರೆ? ಬಸವನಹುಳು ಅಂಚಿನಲ್ಲಿ ಬಗ್ಗಿ ನಿಲ್ಲಬೇಕು, ಅದರ ಬೆನ್ನ ಮೇಲಿಂದ ಕಪ್ಪೆ ಹಾರಬೇಕು. ಒಂದು ಚೂರು ಬೇಗ ಹಾರಿದರೆ ಹುಳ ನೀರಿಗೆ. ನಾನು ಯಾವಾಗಲೂ ಕಪ್ಪೆ — ಅವಳಿಗಿಂತ ದೊಡ್ಡವಳಲ್ಲವೇ. ತಪ್ಪು ನನ್ನದು, ಬೀಳುವುದು ಅವಳು. ಅವ್ವಮ್ಮಜ್ಜಿ ಜಪಮಣಿ ಹಿಡಿದುಕೊಂಡೇ "ಆ ಕಪ್ಪೆ ಇನ್ನೂ ಸಾಯಲಿಲ್ಲವಾ?" ಎಂದು ಬೈಯುತ್ತಿದ್ದರು.

ಸ್ನೇಲ್ ಗರ್ಲ್ ಮತ್ತೆ ಬರಲಿಲ್ಲ. ಗೆದ್ದೆ.

೨೦ ಮಾರ್ಚ್

ಮದುವೆಯಾಗಿ ಹೋದ ಜಸ್ನಾಳ ಮೇಲ್.

ಮೂರು ಸಲ ಓದಿದೆ. ಹಾಗೇ ಇಳಿಸುತ್ತೇನೆ.

"ಶಿಫಾ, ಇಲ್ಲಿ ಶಾರ್ಜಾದಲ್ಲಿ ನಿಝಾರ್ ಬೆಳಗ್ಗೆ ಹೋದರೆ ರಾತ್ರಿ ಬರುವುದು. ಫ್ಲ್ಯಾಟಿನಲ್ಲಿ ನಾನು, ಟಿವಿ. ಬೇಜಾರ್ ಆಗ್ತದೆ ಅಂತ ಗಿಬ್ಬೋ ಆರು ತಂದುಕೊಟ್ರು. ಬಸವನಹುಳು ನನ್ನ ಜೊತೆ ನಡೀತದೆ ಮಾರಾಯ್ತಿ, ಖುಷಿ ಆಯ್ತು. ಯಾರಿಗಾದರೂ ಹೇಳುವ ಅಂತ ಫೋರಂನಲ್ಲಿ ಬರೆದೆ. ಓಲ್ಡ್ ಫ್ರಾಗ್ ಅಂತ ಒಬ್ಬ ಇದ್ದಾನೆ. ನನಗೆ ಯಾರೂ ಇಲ್ಲ ಅಂದ. ಎರಡು ದಿನ ಊಟ ಸೇರಲಿಲ್ಲ. ನಿನ್ನ ಇಂಗ್ಲಿಷ್ ಒಳ್ಳೇದು. ಅವನಿಗೆ ನೀನೊಂದು ಉತ್ತರ ಬರೀತೀಯಾ?"

ಬಸವನಹುಳು. ನಾನು ಹೇಗೆ ಯೋಚಿಸಲಿಲ್ಲ? ಹತ್ತು ವರ್ಷ ಅವಳ ಕೈಗೆ ಅದನ್ನೇ ಕೊಟ್ಟವಳು ನಾನು.

೨೨ ಮಾರ್ಚ್

ಓಲ್ಡ್ ಫ್ರಾಗ್ ಯಾರೆಂದು ಅವಳಿಗೆ ಹೇಳಲಿಲ್ಲ. ಹೇಳುವುದು ಬಿಟ್ಟು ಬರೆದೆ! ಫೋರಂನಲ್ಲಿ ಇನ್ನೊಂದು ಹೆಸರು ಮಾಡಿ, ನನಗೆ ನಾನೇ ಉತ್ತರ. ಮೊದಲು ಖಾರವಾಗಿ ಬರೆದು ನೋಡಿದೆ. ಕೈ ಬರಲಿಲ್ಲ, ನಾಲ್ಕು ಮಾತು ಅಳಿಸಿದೆ. ಕೊನೆಗೆ ಉಳಿದದ್ದು ಗಂಜಿಯ ಹಾಗೆ: "ಒಬ್ಬರ ಅಭಿಪ್ರಾಯವನ್ನು ಗೌರವಿಸಬೇಕು." ನನ್ನನ್ನು ಬೈಯುವಾಗಲೂ ನನ್ನ ಮೇಲೇ ಎಷ್ಟು ಕರುಣೆ. ಅಸಹ್ಯ.

ಜಸ್ನಾಳ ಮೇಲ್: "ಓದಿದೆ. ಥ್ಯಾಂಕ್ಸ್." ಅಷ್ಟೇ.

೯ ಮೇ

ಬರೆಯಲು ಮನಸ್ಸಿರಲಿಲ್ಲ. ಓಲ್ಡ್ ಫ್ರಾಗ್ ಮುಚ್ಚಿ ಆಯಿತು. ಜಸ್ನಾ ಮನೆಗೆ ಫೋನ್ ಮಾಡಿದಾಗೆಲ್ಲ ಸ್ನಾನಕ್ಕೆ ಹೋದೆ, ಕ್ಲಾಸಿಗೆ ಹೋದೆ.

ಇವತ್ತು ದೊಡ್ಡಪ್ಪ ಪೇಟೆಯಿಂದ ಬಂದವರೇ ಹೇಳಿದರು, ಏಳು ತಿಂಗಳು ತುಂಬುವುದರೊಳಗೆ ಜಸ್ನಾ ಬರ್ತಾಳೆ, ಹೆರಿಗೆ ಇಲ್ಲೇ. ಉಮ್ಮ ಆಗಲೇ ಅವಳ ಕೋಣೆ ಗುಡಿಸಿದರು. ನನ್ನ ಪಕ್ಕದ ಕೋಣೆ. ಇನ್ನು ಎಲ್ಲಿಗೆ ಸ್ನಾನಕ್ಕೆ ಹೋಗಲಿ?

೩ ಜೂನ್, ಭಾನುವಾರ

ಬಂದಳು. ಮುಖ ತುಂಬಿದೆ. ಎಲ್ಲರ ಎದುರು ತಬ್ಬಿಕೊಂಡಳು. "ಹೇಗೆ ಉಂಟು ನಿನ್ನ ಸೆಂಟರ್?" ಎಂದು ಕೇಳಿದಳು. ಪೆಟ್ಟಿಗೆಯಿಂದ ನನಗೆಂದು ಶಾಲು, ಸೆಂಟು. ತೆಗೆದುಕೊಂಡೆ. ನಾಚಿಕೆಗೆಟ್ಟವಳು.

ಫೋರಂ ಮಾತೇ ಎತ್ತಲಿಲ್ಲ ಅವಳು. ಮರೆತಿರಬೇಕು. ಮರೆತಿರಲಿ, ಯಾ ಅಲ್ಲಾಹ್.

೧೦ ಜೂನ್, ಭಾನುವಾರ, ಸಂಜೆ ನಾಲ್ಕು

ಚಾ ತರುತ್ತೇನೆಂದು ಎದ್ದು ಬಂದು ಇಲ್ಲಿ ಕೂತಿದ್ದೇನೆ.

ಊಟ ಆದ ಮೇಲೆ ಅವಳಿಗೆ ಹಳೇ ಟಿವಿ ಗೇಮ್ ಬೇಕಾಯಿತು. ಅಟ್ಟದಿಂದ ಇಳಿಸಿದೆ. ದೊಡ್ಡಪ್ಪ ಮೂಡುಬಿದಿರೆಯಲ್ಲಿ ತೆಗೆದುಕೊಟ್ಟ ಅದೇ ಡೂಪ್ಲಿಕೇಟ್ ಕ್ಯಾಸೆಟ್, ಚೀಟಿ ಹರಿದದ್ದು. ಊದಿ ಹಾಕಿದೆ. ಬಂತು! ಒಂದನೇ ಕಂಟ್ರೋಲರ್ ಅವಳಿಗೆ ಕೊಡಲು ಹೋದೆ.

"ಬೇಡ," ಎಂದಳು. "ನೀನೇ ಕಪ್ಪೆ. ಅಭ್ಯಾಸ ಉಂಟಲ್ಲ."

ಮೊದಲ ಸ್ಟೇಜು, ಎರಡನೇ ಸ್ಟೇಜು. ಹಿಂದಿನಂತೆಯೇ ಕಿರುಚಿದೆವು, ಅಜ್ಜಿ ಹಿಂದಿನಂತೆಯೇ ಬೈದರು. ಎಷ್ಟು ಹಗುರವಾಗಿತ್ತು. ಮೂರನೆಯದು ಬಂತು. ಜಸ್ನಾ ಹುಳವನ್ನು ಹೊಂಡದ ಅಂಚಿಗೆ ತಂದು ಬಗ್ಗಿಸಿದಳು. ಆಮೇಲೆ ಪಾಝ್ ಒತ್ತಿ ಆಟ ನಿಲ್ಲಿಸಿದಳು.

"ನೋಡು," ಎಂದಳು. "ಕೆಂಪು."

ನಾನು ಟಿವಿಯನ್ನೇ ನೋಡುತ್ತಿದ್ದೆ.

"ಶಾರ್ಜಾದಲ್ಲಿ ಇದರ ಒರಿಜಿನಲ್ ಸಿಕ್ಕಿತ್ತು. ನೀಲಿ. ಎಲ್ಲರದ್ದೂ ನೀಲಿಯೇ ಶಿಫಾ. ನಮ್ಮ ಕ್ಯಾಸೆಟ್ ಹಾಳು. ಇಡೀ ಲೋಕದಲ್ಲಿ ಈ ಹೊಂಡ ಕೆಂಪು ಅಂತ ಹೇಳುವವರು ನಾವಿಬ್ಬರೇ."

ಅವಳು ಬೈಯಲಿಲ್ಲ. ಬೈದಿದ್ದರೆ! ಹೊಟ್ಟೆಯ ಮೇಲೆ ಕೈ ಇಟ್ಟು ಕೂತಿದ್ದಳು, ಅಷ್ಟೇ. ಉತ್ತರ ಬರೀತೀಯಾ ಎಂದು ನನ್ನನ್ನೇ ಕೇಳಿದ್ದು ಯಾಕೆಂದು ಆಗ ತಿಳಿಯಿತು. ನಾನೇ ಹೇಳಲೆಂದು ಮಾರ್ಚಿನಿಂದ ಕಾದಿದ್ದಾಳೆ. ನಾನು ಶಾಲು ತೆಗೆದುಕೊಂಡಾಗಲೂ ಕಾದಿದ್ದಾಳೆ.

ನಾನು ಮಾಡಿದ್ದು? ಚಾ ಎಂದು ಎದ್ದೆ. ಮತ್ತೆ ಹುಳವನ್ನು ಬಿಟ್ಟು ನಾನೊಬ್ಬಳೇ ಹಾರಿದೆ.

ಚಾ ಕುದಿದು ಉಕ್ಕಿದ ವಾಸನೆ. ಹಾಲ್‌ನಿಂದ ಕೂಗುತ್ತಿದ್ದಾಳೆ —

"ಶಿಫಾ, ಬರ್ತೀಯಾ ಇಲ್ವಾ? ನಾನು ಎಷ್ಟು ಹೊತ್ತು ಬಗ್ಗಿ ನಿಲ್ಲಬೇಕು?"

ಹೋಗುತ್ತೇನೆ. ಚಾ ಬೇಡ, ಏನೂ ಬೇಡ, ಬಾಗಿಲಲ್ಲೇ ನಿಂತು ಹೇಳಿಬಿಡುತ್ತೇನೆ, ಜಸ್ನಾ, ಅದು ನಾ—